ಎರಡು ಮೀಟರ್ ಪೈಪು

ಈಜುಕೊಳದ ತಳದಲ್ಲಿ ಮಂಡಿಯೂರಿ ಕೂತಿದ್ದ ರಮ್ಯ ಗಂಟಲ ಮುಂದೆ ಅಂಗೈ ಅಡ್ಡಡ್ಡ ಆಡಿಸಿದಳು. ಗಾಳಿ ಮುಗಿಯಿತು ಎಂಬ ಸನ್ನೆ, ಬರೀ ಅಭ್ಯಾಸಕ್ಕೆ. ಎದುರಿಗಿದ್ದ ಅತ್ತೆ ಹನುಮಕ್ಕ ಸೊಂಟದ ಪಕ್ಕ ಸಿಕ್ಕಿಸಿದ್ದ, ಎರಡನೆಯ ಮೌತ್‌ಪೀಸಿನ ಹಳದಿ ಪೈಪನ್ನು ಕೊಡಬೇಕಿತ್ತು. ಅದನ್ನು ಬಿಟ್ಟು ತನ್ನ ಬಾಯಲ್ಲಿದ್ದ ಮೌತ್‌ಪೀಸನ್ನೇ ತೆಗೆದು ಸೊಸೆಯ ಬಾಯಿಗೆ ಹಿಡಿದಳು. ಪೈಪು ಗಿಡ್ಡ, ಇಬ್ಬರ ಹಣೆ ಢಿಕ್ಕಿ ಹೊಡೆಯಿತು. ಆಮೇಲೆ ಹನುಮಕ್ಕ ತನಗೆಂದು ಹಳದಿಯದಕ್ಕೆ ತಡಕಾಡಿದಳು, ಸಿಗಲಿಲ್ಲ. ನೀರು ಕುಡಿದಳು. ರಮ್ಯ ಅವಳನ್ನು ಹಿಡಿದು ಮೇಲಕ್ಕೆ ತಂದಳು. ಹೀಗಾಗಿದ್ದು ಇದು ಎರಡನೇ ಸಲ.

ನಾಗರಭಾವಿಯ ಈ ಕೊಳದಲ್ಲಿ ರಮ್ಯ ಸ್ಕೂಬಾ ಕಲಿಸುತ್ತಾಳೆ. ಶ್ರೀಗಂಧದ ಕಾವಲಿನ ಬಾವಿಗಳಲ್ಲಿ ಈಜಿ ಬೆಳೆದ ಐವತ್ನಾಲ್ಕರ ಹನುಮಕ್ಕನಿಗೆ ನೀರೆಂದರೆ ಭಯವಿಲ್ಲ. ಶನಿವಾರ ನೇತ್ರಾಣಿ ದ್ವೀಪದಲ್ಲಿ ಸಮುದ್ರಕ್ಕಿಳಿಯುವ ತಂಡದಲ್ಲಿ ಅವಳ ಹೆಸರೂ ಇತ್ತು. ಈಗ ಅದನ್ನು ತೆಗೆಯಬೇಕೇನೋ ಎಂದು ರಮ್ಯಳಿಗೆ ಅನಿಸಿತು.

"ಬಾಯಲ್ಲಿರೋದನ್ನ ಯಾಕೆ ತೆಗೀತೀರ ಅತ್ತೆ? ಕೊಡೋಕೆ ಅಂತಾನೇ ಹಳದಿದು ಇದೆಯಲ್ಲ."

ಹನುಮಕ್ಕ ಮೆಟ್ಟಿಲ ಮೇಲೆ ಕೂತು ಮೂಗೊರೆಸಿಕೊಂಡಳು. "ನನ್ ಬಾಯಲ್ಲಿರೋದ್ರಲ್ಲಿ ಗಾಳಿ ಬರ್ತೈತೆ ಅಂತ ನಂಗೊತ್ತು ಕಣವ್ವ. ಸೊಂಟದಲ್ಲಿರೋದು ಹೆಂಗೈತೋ. ಅದನ್ನ ನಿನ್ ಮೇಲೆ ಪರೀಕ್ಷೆ ಮಾಡ್ಲಾ?"

ಬೈಯಲು ಹೊರಟ ರಮ್ಯಳಿಗೆ ಅತ್ತೆಯ ಮಾತು ಸರಿಯೆನಿಸಿತು. ಉಸಿರು ಕಟ್ಟಿದವರು ಹಳದಿ ಹುಡುಕುವುದಿಲ್ಲ. ಎದುರಿನವರ ಬಾಯಲ್ಲಿದ್ದುದಕ್ಕೇ ಕೈ ಹಾಕುತ್ತಾರೆ. ಹಾಗೆ ಕೊಡಲೆಂದೇ ಪೈಪು ಜೋಡಿಸುವ ಕ್ರಮವೊಂದಿದೆ. ಅವಳೂ ಕಲಿತಿದ್ದಳು, ಬಳಸಿರಲಿಲ್ಲ.

ಪೆಟ್ಟಿಗೆಯಿಂದ ಎರಡು ಮೀಟರಿನ ಪೈಪು ತೆಗೆದು ಅತ್ತೆಯ ಸಿಲಿಂಡರಿಗೆ ತಿರುಗಿಸಿ ಕೂರಿಸಿದಳು. ಬಲಗಂಕುಳ ಕೆಳಗೆ ಇಳಿಸಿ, ಎದೆಯ ಮೇಲೆ ಹಾಯಿಸಿ, ಎಡಭುಜದ ಮೇಲಿಂದ ಕತ್ತಿನ ಹಿಂದೆ ಬಳಸಿ ಬಾಯಿಗೆ ತಂದಳು. ಎರಡನೆಯ ಮೌತ್‌ಪೀಸನ್ನು ಗಿಡ್ಡ ಪೈಪಿಗೆ ಜೋಡಿಸಿ, ಕೊರಳಿಗೆ ಹಾಕಿದ ರಬ್ಬರ್ ಹುರಿಯಲ್ಲಿ ಅತ್ತೆಯ ಗದ್ದದ ಕೆಳಗೆ ನೇತುಹಾಕಿದಳು.

"ಉದ್ದದ್ದು ಕೊಡಿ. ಗದ್ದ ಬಗ್ಗಿಸಿದ್ರೆ ಇದು ನಿಮ್ಮ ಬಾಯಿಗೆ ಸಿಗತ್ತೆ. ಉದ್ದದ ಪೈಪಿನ ಮೇಲೆ ಬೇರೆ ಯಾವ ಪಟ್ಟಿನೂ ಬರಬಾರದು, ಸಿಕ್ಕಾಕ್ಕೊಳ್ಳತ್ತೆ."

ಹನುಮಕ್ಕ ಕತ್ತು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದಳು. "ಹಾಯಾಗೈತೆ. ಮೊದ್ಲಿಂದು ಮೂಗುದಾರ ಜಗ್ಗಿದಂಗೆ ಇತ್ತು, ದವಡೆ ನೋಯ್ತಿತ್ತು."

"ಮತ್ತೆ ಹೇಳಲೇ ಇಲ್ಲ?"

"ವಯಸ್ಸಾಯ್ತು ಅಂತೀಯೇನೋ ಅಂತ."

ಮತ್ತೆ ಮುಳುಗಿದರು. ಸನ್ನೆ ಮಾಡಿದ್ದೇ ತಡ, ಅತ್ತೆಯ ಬಾಯಲ್ಲಿದ್ದುದು ರಮ್ಯಳ ಕೈಯಲ್ಲಿತ್ತು. ಹನುಮಕ್ಕ ಗದ್ದ ಬಗ್ಗಿಸಿ ಇನ್ನೊಂದನ್ನು ಕಚ್ಚಿಕೊಂಡಳು. ಒಂದೇ ಸಿಲಿಂಡರಿನ ಗಾಳಿಯಲ್ಲಿ ಇಬ್ಬರೂ ಆ ದಡದವರೆಗೆ ಅಕ್ಕಪಕ್ಕ ಈಜಿ ಎದ್ದರು.

"ಶನಿವಾರ ಬರ್ಲಾ?" ಹನುಮಕ್ಕ ಕೇಳಿದಳು.

"ಬನ್ನಿ." ರಮ್ಯ ಆಗಲೇ ತನ್ನ ಸಿಲಿಂಡರಿನ ಪೈಪನ್ನೂ ಬಿಚ್ಚುತ್ತಿದ್ದಳು.

"ನಿಂದ್ಯಾಕವ್ವ ಬಿಚ್ತೀಯ? ಚೆನ್ನಾಗೇ ಐತಲ್ಲ."

ರಮ್ಯ ಸ್ಪ್ಯಾನರ್ ತಿರುಗಿಸುತ್ತಲೇ ಹೇಳಿದಳು: "ಗಾಳಿ ನಿಮ್ದೂ ಮುಗೀಬಹುದಲ್ಲ ಅತ್ತೆ. ಆಗ ನಾನು ಸೊಂಟದ್ದನ್ನ ಕೊಡ್ಲಾ?"