ಗಾಜಿನ ಹೊಲಕ್ಕೆ ಬಿದ್ದ ಕಲ್ಲು

ಹನ್ನೊಂದನೆಯ ಸೋಲಾರ್ ಪ್ಯಾನೆಲ್ ಒಡೆದದ್ದು ಗುರುವಾರ. ಸಂಜೆಯ ಗಸ್ತಿಗೆ ಹೊರಟ ಕಾವಲುಗಾರ ಏಳನೇ ಸಾಲಿನಲ್ಲಿ ತಟಕ್ಕನೆ ನಿಂತ. ಆಳೆತ್ತರದ ಗಾಜಿನ ತುಂಬ ಬಿರುಕು. ಆಗಷ್ಟೇ ಹುಲ್ಲು ಕತ್ತರಿಸಿ ಬೋಳಾಗಿದ್ದ ನೆಲದ ಮೇಲೆ ಗೋಲಿಯಷ್ಟು ದಪ್ಪದ ಕಲ್ಲೊಂದು ಎದ್ದು ಕಾಣುತ್ತಿತ್ತು.

ಮ್ಯಾನೇಜರ್ ಬಂದು ನೋಡಿದ. ಕೂಗಾಡಲಿಲ್ಲ.

“ಶನಿವಾರದೊಳಗೆ ಯಾರು ಅಂತ ಗೊತ್ತಾಗ್ಬೇಕು. ಇಲ್ಲಾಂದ್ರೆ ಸೋಮವಾರದಿಂದ ನೀನು ಬರೋದೇ ಬೇಡ.”

ಬರಿ ಬೆದರಿಕೆಯಲ್ಲ ಅದು. ಗಾಜು ತೊಳೆಯುವ ಹೆಂಗಸೊಬ್ಬಳ ಏಣಿ ಜಾರಿ ಒಂದೇ ಒಂದು ಪ್ಯಾನೆಲ್ ಒಡೆದಾಗ, ಮಧ್ಯಾಹ್ನದ ಊಟಕ್ಕೂ ನಿಲ್ಲಿಸಿಕೊಳ್ಳದೆ ಅವಳನ್ನು ಗೇಟಿನಾಚೆ ಕಳಿಸಿದ್ದರು.

ಕಾವಲುಗಾರನಿಗೆ ಈ ಕೆಲಸ ಬಿಟ್ಟರೆ ಬೇರೇನೂ ಇರಲಿಲ್ಲ. ಅಪ್ಪ ಸಾಯುವ ಮುಂಚೆ ಇಡೀ ಹೊಲವನ್ನು ಮೂವತ್ತು ವರ್ಷಕ್ಕೆ ಸೋಲಾರ್ ಕಂಪನಿಗೆ ಬರೆದುಕೊಟ್ಟಿದ್ದ. ಮನೆಗೊಂದು ಕೆಲಸ ಎಂಬ ಮಾತಿನ ಮೇಲೆ. ಆ ಕೆಲಸವೇ ಇದು. ಹಗಲು ಕಾವಲು, ನಡುನಡುವೆ ಪ್ಯಾನೆಲ್‌ಗಳ ಸಾಲಿನಲ್ಲಿ ಹುಲ್ಲು ಕತ್ತರಿಸುವುದು. ಹೆಗಲಿಗೆ ಮಿಷನ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಅಪ್ಪ ಉತ್ತು ಬಿತ್ತಿದ ನೆಲದಲ್ಲಿ ಏನೂ ಬೆಳೆಯದಂತೆ ನೋಡಿಕೊಳ್ಳುವುದೇ ಮಗನ ಬೇಸಾಯವಾಗಿತ್ತು.

ಯಾರು ಎಂದು ಅವನು ಬಹಳ ಯೋಚಿಸಬೇಕಾಗಲಿಲ್ಲ. ಬೇಲಿಯಾಚೆ, ಹಳೆಯ ಬಾವಿಯ ದಿಬ್ಬದ ಮೇಲೆ ದಿನವೂ ಒಬ್ಬ ನಿಂತಿರುತ್ತಿದ್ದ. ಅವನ ಚಿಕ್ಕಪ್ಪ. ಹೆಂಡತಿ ಮಕ್ಕಳಿಲ್ಲದ ಆ ಮನುಷ್ಯನಿಗೆ ಇದ್ದದ್ದು ನಲವತ್ತು ಕುರಿ. ಕಂಪನಿಯ ಬೇಲಿ ಎದ್ದ ಮೇಲೆ ಅವಕ್ಕೆ ಮೇವಿಲ್ಲ. “ಕುರಿ ಒಳಗೆ ಬಿಡಿ, ಹುಲ್ಲು ಅವೇ ತಿಂತಾವೆ, ಮಿಷನ್ ಯಾಕೆ?” ಎಂದು ಒಮ್ಮೆ ಆಫೀಸಿಗೂ ಹೋಗಿ ಕೇಳಿದ್ದ. ಕುರಿ ವೈರು ಕಡಿದರೆ ಯಾರು ಹೊಣೆ ಎಂದು ಮ್ಯಾನೇಜರ್ ನಕ್ಕು ಕಳಿಸಿದ್ದ. ಅಂದಿನಿಂದ ಚಿಕ್ಕಪ್ಪ ಕಂಪನಿಯವರ ಮುಖ ನೋಡುವುದನ್ನೇ ಬಿಟ್ಟ. ಅವನ ಸೊಂಟದಲ್ಲಿ ಸದಾ ಒಂದು ಕವಣೆ. ನೂರು ಹೆಜ್ಜೆ ದೂರದಿಂದ ನರಿಯ ಹಣೆಗೆ ಗುರಿಯಿಟ್ಟು ಹೊಡೆಯುವ ಕೈ.

ಶುಕ್ರವಾರ ಕಾವಲುಗಾರ ಕುರಿದೊಡ್ಡಿಗೆ ಹೋದ. ಚಿಕ್ಕಪ್ಪ ಕುರಿಯೊಂದನ್ನು ತೊಡೆಗೆ ಒತ್ತಿಕೊಂಡು ಉಣ್ಣೆಗೆ ಅಂಟಿದ ಮುಳ್ಳು ಕೀಳುತ್ತಿದ್ದ.

“ಹನ್ನೊಂದು ಗಾಜು ಹೋಗಿವೆ ಚಿಕ್ಕಪ್ಪ.”

“ಗೊತ್ತು.”

“ನಾಳೆಯೊಳಗೆ ಯಾರು ಅಂತ ಹೇಳ್ದಿದ್ರೆ ನನ್ನ ಕೆಲಸ ಹೋಗುತ್ತೆ.”

ಚಿಕ್ಕಪ್ಪನ ಬೆರಳು ನಿಂತವು. “ಒಡೆದೋನು ಸಿಕ್ಕಿದ್ರೆ?”

“ಪೊಲೀಸಿಗೆ ಕೊಡ್ತಾರೆ.”

“ಅವನು ಒಳಗೆ ಕೆಲಸ ಮಾಡೋನೇ ಆಗಿದ್ರೆ?”

“ಕೆಲಸಾನೂ ಹೋಗುತ್ತೆ, ಜೈಲೂ ಆಗುತ್ತೆ. ಒಳಗಿನವರ ಮೇಲೆ ಹಾಕ್ಬೇಡ. ಅಲ್ಲಿರೋರೆಲ್ಲ ಹೊಟ್ಟೆಪಾಡಿಗೆ ಬಂದೋರು.”

ಚಿಕ್ಕಪ್ಪ ಬಹಳ ಹೊತ್ತು ಕುರಿಯ ಬೆನ್ನು ಸವರಿದ. ಆಮೇಲೆ ಅದನ್ನು ಬಿಟ್ಟು, ಕೈ ಒರೆಸಿಕೊಂಡು ಎದ್ದ.

“ನಾನೇ ಹೊಡೆದೆ. ನಡಿ, ಹೇಳ್ತೀನಿ.”

ಕಾವಲುಗಾರನಿಗೆ ಮೈಯೆಲ್ಲ ಉರಿಯಿತು. “ನನ್ನ ಅನ್ನಕ್ಕೇ ಕಲ್ಲು ಹಾಕಿದ್ಯಲ್ಲ. ನನ್ನ ಮಕ್ಕಳ ಮುಖಾನಾದ್ರೂ ನೆನಪಾಗ್ಲಿಲ್ವಾ?”

“ನೆನಪಾಯ್ತು,” ಎಂದ ಚಿಕ್ಕಪ್ಪ.

ಗೇಟು ಹತ್ತಿರವಾದಾಗ ಚಿಕ್ಕಪ್ಪ ಒಂದೇ ಮಾತು ಹೇಳಿದ: “ಆ ನೆಲದಲ್ಲಿ ಕಲ್ಲು ಜಾಸ್ತಿ ಕಣೋ. ನಿಮ್ಮಪ್ಪ, ನಾನು ಎಷ್ಟು ಆರಿಸಿದ್ರೂ ಮುಗೀಲಿಲ್ಲ. ಹುಲ್ಲಿಗೆ ಇಳಿಯೋ ಮುಂಚೆ ಆರಿಸ್ಕೋ.”

ಸಿಕ್ಕಿಬಿದ್ದ ಮೇಲೂ ಕುಹಕ ಬಿಡಲಿಲ್ಲವಲ್ಲ ಎಂದುಕೊಂಡ ಕಾವಲುಗಾರ.

ಆಫೀಸಿನಲ್ಲಿ ಚಿಕ್ಕಪ್ಪ ಕವಣೆಯನ್ನು ಮೇಜಿನ ಮೇಲಿಟ್ಟ. ಕೇಳಿದ್ದಕ್ಕೆಲ್ಲ ಹೂಂ ಎಂದ. ಕೋರ್ಟಿನಲ್ಲೂ ಹೂಂ ಎಂದ. ಒಂದು ವರ್ಷದ ಸಜೆಯಾಯಿತು. ಕುರಿಗಳು ಅವರಿವರ ದೊಡ್ಡಿ ಸೇರಿದವು. ಕಾವಲುಗಾರ ಒಂದನ್ನೂ ಇಟ್ಟುಕೊಳ್ಳಲಿಲ್ಲ. ಜೈಲಿನ ಕಡೆ ತಲೆಯನ್ನೂ ಹಾಕಲಿಲ್ಲ. “ನನಗೆ ಚಿಕ್ಕಪ್ಪ ಅನ್ನೋನು ಯಾರೂ ಇಲ್ಲ,” ಎಂದು ಮನೆಯಲ್ಲಿ ಹೇಳಿದ.

ಆಮೇಲೆ ಒಂದು ಗಾಜೂ ಒಡೆಯಲಿಲ್ಲ. ಬಿರುಬೇಸಿಗೆ. ನೆಲದಲ್ಲಿ ಒಂದು ಎಸಳು ಹಸಿರಿರಲಿಲ್ಲ, ಮಿಷನ್ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಮ್ಯಾನೇಜರ್ ಅವನ ಬೆನ್ನು ತಟ್ಟಿ, “ಸ್ವಂತದವನು ಅಂತಾನೂ ನೋಡ್ಲಿಲ್ಲ ನೀನು,” ಎಂದ. ಆ ಮಾತು ಹೊಗಳಿಕೆಯೋ ಅಲ್ಲವೋ ಎಂದು ಅವನಿಗೆ ಎರಡು ದಿನ ತಿಳಿಯಲಿಲ್ಲ.

ಮಳೆ ಬಿದ್ದ ಹದಿನೈದು ದಿನಕ್ಕೆ ಹುಲ್ಲು ಮೊಣಕಾಲು ಮುಟ್ಟಿತು. ಕಿವಿಮುಚ್ಚಳದ ಪಟ್ಟಿ ಹರಿದಿದ್ದರಿಂದ ಅವನು ಅಂದು ಬರಿಗಿವಿಯಲ್ಲೇ ಸಾಲಿಗಿಳಿದ. ನಾಲ್ಕು ಮಾರು ಹೋಗಿರಲಿಲ್ಲ, ಮಿಷನ್ನಿನ ಬ್ಲೇಡಿಗೆ ಏನೋ ಟಣ್ಣೆಂದು ತಗುಲಿತು. ಬೆನ್ನ ಹಿಂದೆ ಪಟ್ ಎಂಬ ಸದ್ದು. ತಿರುಗಿದ. ಅವನು ನೋಡುತ್ತಿದ್ದಂತೆಯೇ ಹಿಂದಿನ ಸಾಲಿನ ಗಾಜಿನಲ್ಲಿ ಬಿರುಕು ಸರಸರನೆ ಅಂಚಿನವರೆಗೂ ಹಬ್ಬಿತು. ಕೆಳಗೆ, ಆಗಷ್ಟೇ ಕತ್ತರಿಸಿ ಬೋಳಾದ ನೆಲದ ಮೇಲೆ, ಗೋಲಿಯಷ್ಟು ಕಲ್ಲು. ಸುತ್ತ ಅವನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

ಮರುದಿನ ರಜೆ ಹಾಕಿ ಜೈಲಿಗೆ ಹೋದ. ಸರಳಿನಾಚೆ ಬಂದು ನಿಂತ ಚಿಕ್ಕಪ್ಪ ಅರ್ಧ ಇಳಿದುಹೋಗಿದ್ದ.

“ಚಿಕ್ಕಪ್ಪ, ಆ ಕಲ್ಲು... ನನ್ನ ಮಿಷನ್ನಿಂದ ಹಾರ್ತಿತ್ತು. ಹನ್ನೊಂದನ್ನೂ ನಾನೇ ಒಡೆದಿದ್ದು.”

ಚಿಕ್ಕಪ್ಪ ಬಾಗಿಲ ಬಳಿ ನಿಂತಿದ್ದ ಪೇದೆಯ ಕಡೆ ಒಮ್ಮೆ ನೋಡಿ, ಮುಖವನ್ನು ಸರಳಿಗೆ ತಂದ.

“ಮೆಲ್ಲಗೆ ಮಾತಾಡು. ದಿಬ್ಬದ ಮೇಲಿಂದ ಮೊದಲನೇ ದಿನವೇ ನೋಡಿದ್ದೆ. ಯಾರಿಗೂ ಹೇಳಿಲ್ಲ ತಾನೇ?”