ಪುಟಕ್ಕೆ ನಾಲ್ಕು ಸಾಲು

ಕಣ್ಣಿನ ಡಾಕ್ಟರ ಮುಂದೆ ಕೂತಿದ್ದ ವಾಚ್ ರಿಪೇರಿಯವರ ಕಣ್ಣಿಗೆ ಏನೂ ಆಗಿರಲಿಲ್ಲ. ಈಗಲೂ ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು ಅದರ ಜಾಗಕ್ಕೆ ಕೂರಿಸುವ ಆಸಾಮಿ. ಕಣ್ಣು ಮಂಜಾಗಿದ್ದದ್ದು ಪಕ್ಕದಲ್ಲಿದ್ದ ಹೆಂಡತಿಗೆ.

ಆಕೆ ಒಪ್ಪಬೇಕಲ್ಲ! ಕಾದಂಬರಿ ಸಿಕ್ಕರೆ ಊಟ ಬಿಡುತ್ತಿದ್ದವಳು, ಈಗಿನವರಿಗೆ ಬರೆಯಲಿಕ್ಕೇ ಬರುವುದಿಲ್ಲ ಎಂದು ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿದ್ದಳು. ಆಪರೇಷನ್ ಎಂದರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಓದದೆ ಸುಮ್ಮನೆ ಗೋಡೆ ನೋಡುತ್ತಾ ಕೂರುವ ಅವಳನ್ನು ನೋಡಲಿಕ್ಕೇ ಆಗುತ್ತಿರಲಿಲ್ಲ ಗಂಡನಿಗೆ.

ಹಾಗಾಗಿ ಮಗಳು ಟ್ಯಾಬ್ ತಂದುಕೊಟ್ಟಾಗ ಅವರು ಪುಟಕ್ಕೆ ನಾಲ್ಕೇ ಸಾಲು ಹಿಡಿಸುವಷ್ಟು ಅಕ್ಷರ ದೊಡ್ಡದು ಮಾಡಿಸಿಕೊಂಡು, ಆದರೂ ತಮಗೆ ಕಾಣುವುದಿಲ್ಲ ಎಂದು ರಾಗ ಎಳೆದರು. ಪಾಪ, ಗಂಡನಿಗೆ ಸಹಾಯವಾಗಲಿ ಎಂದು ಹೆಂಡತಿ ಗಟ್ಟಿಯಾಗಿ ಓದಿ ಹೇಳತೊಡಗಿದಳು. ಒಂದು ಕಾದಂಬರಿ ಮುಗಿಯಿತು, ಇನ್ನೊಂದೂ ಮುಗಿಯಿತು. ಕೊನೆಗೆ, ಅಪ್ಪನ ಕಣ್ಣು ಪೂರ್ತಿ ಹೋಯಿತೆಂದು ಮಗಳಿಗೆ ಫೋನ್ ಮಾಡಿ ಅವರನ್ನು ಇಲ್ಲಿಗೆ ಎಳೆದುಕೊಂಡು ಬಂದವಳೂ ಅವಳೇ. ಆಪರೇಷನ್ ಬೇಕೆಂದರೆ ಮಾಡಿಸಿಬಿಡಿ ಎಂದಿದ್ದಳು ಮಗಳು.

ಡಾಕ್ಟರು ಗೋಡೆಯ ಪಟದ ನಡುವಿನ ಸಾಲಿಗೆ ಕಡ್ಡಿ ಇಟ್ಟರು. ಪಟದ ಮೂಲೆಯಲ್ಲಿದ್ದ ಮುದ್ರಣಾಲಯದ ಹೆಸರೂ ವಾಚ್ ರಿಪೇರಿಯವರಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಓದಿಬಿಟ್ಟರೆ ದೊಡ್ಡಕ್ಷರಕ್ಕೆ ನೆಪವಿಲ್ಲ, ಅವಳ ಓದು ಅಲ್ಲಿಗೆ ಮುಗಿಯಿತು. "ಏನೂ ಕಾಣ್ತಿಲ್ಲ," ಎಂದರು.

ಗಂಡ ಫೇಲಾಗುವುದನ್ನು ನೋಡಲು ಹೆಂಡತಿಗೆ ಮನಸ್ಸು ಬರಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು, "ವ ಅನ್ರೀ," ಎಂದು ಪಿಸುಗುಟ್ಟಿದಳು.

ಪಟದಲ್ಲಿದ್ದದ್ದು ಪ. ಅವರು ಮುಖದ ಒಂದು ಗೆರೆಯೂ ಅಲುಗದಂತೆ ವ ಎಂದರು. ಮುಂದಿನದು ಠ. ಆಕೆ ರ ಎಂದಳು, ಅವರೂ ರ ಎಂದರು. ಹೀಗೆ ಇಡೀ ಸಾಲನ್ನು ಇಬ್ಬರೂ ಸೇರಿ ತಪ್ಪು ಓದಿದರು.

ಡಾಕ್ಟರು ಕಡ್ಡಿ ಕೆಳಗಿಟ್ಟು, ಅವರನ್ನು ಬಿಟ್ಟು ಆಕೆಯ ಕಡೆ ನೋಡಿದರು. "ಅಮ್ಮ, ನೀವೂ ಒಂದ್ಸಲ ಈ ಕುರ್ಚಿಗೆ ಬನ್ನಿ."

ವಾಚ್ ರಿಪೇರಿಯವರು ಮೆಲ್ಲಗೆ ಎದ್ದು ಜಾಗ ಬಿಟ್ಟರು. ಆಕೆ ಕುರ್ಚಿಯ ಕೈಯನ್ನು ತಡಕಿ ಹಿಡಿದು ಕೂತಳು.

"ಕೂತ್ಕೋತೀನಿ ಬಿಡಿ," ಎಂದಳು ಡಾಕ್ಟರಿಗೆ. "ಒಬ್ಬರನ್ನೇ ಆಪರೇಷನ್‌ಗೆ ಕಳಿಸಿದ್ರೆ ಇವರು ಹೆದರ್ಕೋತಾರೆ."