ಹೂಜಿಯ ತಳದ ಹೆಸರು

ನಗರದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮಣ್ಣಿನ ಪಾತ್ರೆ ಮಾಡುವ ಮೇಧಾ, ಕುಂಬಾರ ಗುಂಡಪ್ಪಜ್ಜನ ಮನೆಯ ಕಟ್ಟೆಯ ಮೇಲೆ ಕೂತು ಹೂಜಿಯೊಂದರ ಕೊರಳು ಸವರುತ್ತಿದ್ದಳು.

"ಎಷ್ಟು ತೆಳ್ಳಗೆ ಬಂದಿದೆ ಅಜ್ಜಾ! ಈ ವಯಸ್ಸಲ್ಲೂ ನಿಮ್ಮ ಕೈ ನಡುಗೋದಿಲ್ವಾ?"

ಅಜ್ಜ ಎರಡೂ ಕೈಗಳನ್ನು ಧೋತರದ ಮಡಿಕೆಯಲ್ಲಿ ಹುದುಗಿಸಿಕೊಂಡ. "ಎಲ್ಲಾ ಆ ಶಿವನ ದಯಾ," ಎಂದ, ನೆಲ ನೋಡುತ್ತ.

"ನಿಮ್ಮ ಚಕ್ರದ ಮುಂದೆ ಒಂದು ಸಲ ಕೂತ್ಕೊಳ್ಳಲಾ?"

"ಬ್ಯಾಡ ತಂಗಿ. ನಮ್ಮ ಕುಲದಾಗ ಹೆಣ್ಮಕ್ಕಳು ತಿಗರಿ ಮುಟ್ಟಂಗಿಲ್ಲ. ಮುಟ್ಟಿದ್ರ ನಾಕು ಮಂದ್ಯಾಗ ನಾವು ತಲಿ ಎತ್ತಾಕ ಬರೂದಿಲ್ಲ."

ಮೇಧಾ ತಟ್ಟನೆ ಕೈಮುಗಿದಳು. "ತಪ್ಪಾಯ್ತು ಅಜ್ಜಾ, ಗೊತ್ತಿಲ್ಲದೆ ಕೇಳಿಬಿಟ್ಟೆ."

ಆ ಮುಗಿದ ಕೈಗಳನ್ನು ಕಂಡು ಅಜ್ಜನ ಮುಖ ಇನ್ನಷ್ಟು ಬಾಡಿತು.

ಅವಳು ಹೂಜಿಯನ್ನು ಬೋರಲು ಹಾಕಿ ಪೆನ್ನು ತೆಗೆದಳು. "ನಮ್ಮಲ್ಲಿ ತಳದ ಮೇಲೆ ಮಾಡಿದವರ ಹೆಸರು ಬರೀತೀವಿ. ನಿಮ್ಮ ಹೆಸರು ಬರೀಲಾ?"

ಅಜ್ಜ ಧೋತರದ ಮಡಿಕೆಯಿಂದ ಕೈ ಹೊರತೆಗೆದು ಅವಳ ಪೆನ್ನು ತಡೆದ. ಆಮೇಲೆ ಒಳಕೋಣೆಯ ಮುಚ್ಚಿದ ಬಾಗಿಲಿನ ಕಡೆ ತಿರುಗಿ ಸೊಸೆಯನ್ನು ಕೂಗಿದ:

"ನೀಲವ್ವಾ, ತಿಗರಿ ನಿಲ್ಲಿಸಿ ಹೊರಗ ಬಾ ನಮ್ಮವ್ವಾ. ಕೈ ತೊಳೀಬ್ಯಾಡ, ಹಂಗ ಬಾ."